ಬಣ್ಣ ಹತ್ತದ ಚೂರು

ಅಕ್ಕನ ಹೊಟ್ಟೆಯಿಂದ ತೆಗೆದ ಗಂಟನ್ನು ನಾನು ನೋಡಲಿಲ್ಲ. ಭಾವ ನೋಡಿದ. ಆಪರೇಶನ್ ಥಿಯೇಟರಿನ ಬಾಗಿಲು ಅರ್ಧ ತೆರೆದು ನರ್ಸು ಒಂದು ಸ್ಟೀಲ್ ಟ್ರೇ ಹಿಡಿದು ನಿಂತಳು. ಮನೆಯವರು ಯಾರಾದರೂ ಒಬ್ಬರು ಬಂದು ನೋಡಿ ಅಂದಳು. ಭಾವ ಹೋಗಿ ನೋಡಿ, ವಾಪಸ್ ಬಂದು ಬೆಂಚಿನ ಮೇಲೆ ಕುಳಿತ.

"ಏನಿತ್ರಿ ಭಾವ?"

"ಕರುಳು ಅಂದ್ರು. ಗೇಣಿನ ಮ್ಯಾಲೇ ಇತ್ತು. ನಡುವ ಹೂಕೋಸಿನಂಗ ಒಂದು ಗಂಟು."

"ಆಮ್ಯಾಲೆ?"

"ಆಮ್ಯಾಲೇನೈತಿ. ಇನ್ನ ಮುಂದ ಹೂಕೋಸು ತಿನ್ನಂಗಿಲ್ಲ ನಾನು."

ಇದು ಹೊಸಪೇಟೆಯ ಒಂದು ಆಸ್ಪತ್ರೆಯಲ್ಲಿ ನಡೆದದ್ದು. ನಾನು ಅದೇ ಊರಿಗೆ ಅಂಟಿದ ಚಿತ್ತವಾಡ್ಗಿಯವನು. ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟೆ, ಈಗ ಆಟೋ ಓಡಿಸುತ್ತೇನೆ. ಹಂಪಿಗೆ ಹೋಗುವವರು ಸಿಕ್ಕರೆ ಹಂಪಿ, ಇಲ್ಲದಿದ್ದರೆ ಬಸ್ ಸ್ಟ್ಯಾಂಡು, ಮಾರ್ಕೆಟ್ಟು. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು, ನಲವತ್ತಕ್ಕೆ ಒಂದೆರಡು ಕಮ್ಮಿ. ಅವಳನ್ನು ಕಂಪ್ಲಿಗೆ ಕೊಟ್ಟಿದೆ. ಭಾವ ಅಲ್ಲಿನ ಒಂದು ರೈಸ್ ಮಿಲ್ಲಿನ ಲಾರಿ ಡ್ರೈವರು. ಅಕ್ಕ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಹಾಕುತ್ತಾಳೆ. ಬೆಳಿಗ್ಗೆ ಒಲೆ ಹಚ್ಚಿದರೆ ಮಧ್ಯಾಹ್ನದ ತನಕ ಅದೇ ಕೆಲಸ.

ಹಿಂದಿನ ವರ್ಷವೆಲ್ಲ ಅವಳಿಗೆ ಸುಸ್ತು. ರಕ್ತ ಕಡಿಮೆ ಅಂತ ಗುಳಿಗೆ ನುಂಗುತ್ತಿದ್ದಳು. ರಕ್ತ ಎಲ್ಲಿಗೆ ಹೋಗುತ್ತಿದೆ ಅಂತ ಅವಳೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಬೇಸಿಗೆ ಶುರುವಾದಾಗ ಒಂದು ದಿನ ಹೊಟ್ಟೆ ಉಬ್ಬಿಕೊಂಡಿತು. ವಾಂತಿ ನಿಲ್ಲಲಿಲ್ಲ. ಭಾವ ಲೋಡಿನ ಮೇಲೆ ಹೋಗಿದ್ದ. ನಾನೇ ಆಟೋದಲ್ಲಿ ಕಂಪ್ಲಿಗೆ ಹೋಗಿ ಅವಳನ್ನು ಹೊಸಪೇಟೆಗೆ ತಂದೆ. ಸ್ಕ್ಯಾನ್ ಮಾಡಿದರು, ಕರುಳು ಕಟ್ಟಿದೆ ಅಂದರು, ಸಂಜೆ ಭಾವ ಬಂದು ಮುಟ್ಟಿದ ಮೇಲೆ ಅವತ್ತೇ ಕೊಯ್ದರು.

ಹೊಲಿಗೆ ಬಿಚ್ಚುವ ದಿನ ಆಪರೇಶನ್ ಮಾಡಿದ ಡಾಕ್ಟರಮ್ಮ ಮೂವರನ್ನೂ ಕೂರಿಸಿಕೊಂಡು ಹೇಳಿದಳು. ಆಕೆ ಸುತ್ತಿ ಬಳಸಿ ಮಾತಾಡುವವಳಲ್ಲ, ನನಗೆ ಅದು ಸೇರಿತು.

"ಇದು ಕರುಳಿನ ಕ್ಯಾನ್ಸರು. ಗಂಟು ಪೂರ್ತಿ ತೆಗೆದಿದ್ದೀವಿ. ಪಕ್ಕದ ಗ್ರಂಥಿಗಳಿಗೆ ಹರಡಿಲ್ಲ, ಅದು ಒಳ್ಳೇದು. ಆದ್ರೆ ನೀವು ಬರೋ ಹೊತ್ತಿಗೆ ಕರುಳು ಕಟ್ಟಿತ್ತಲ್ಲ, ಅಂಥವರಲ್ಲಿ ವಾಪಸ್ ಬರೋದು ಸ್ವಲ್ಪ ಜಾಸ್ತಿ. ಅದಕ್ಕೆ ಕೆಲವು ತಿಂಗಳು ಕಿಮೋ ಕೊಡೋದು ಒಂದು ದಾರಿ."

"ಕೊಟ್ರ ಏನಾಗತೈತ್ರಿ?" ಅಕ್ಕ ಕೇಳಿದಳು.

"ಸುಸ್ತು, ವಾಕರಿಕೆ. ಬೆರಳು, ಪಾದ ಜೋಮು ಹಿಡಿಯುತ್ತೆ. ತಣ್ಣೀರು ಮುಟ್ಟಿದ್ರೆ ಚುಚ್ಚಿದ ಹಾಗೆ ಆಗುತ್ತೆ. ಔಷಧ ನಿಲ್ಲಿಸಿದ ಮೇಲೂ ಕೆಲವರಿಗೆ ಆ ಜೋಮು ಉಳಿಯುತ್ತೆ."

"ಕೈ ಬೆರಳೂ ಏನ್ರಿ?"

"ಕೈ ಬೆರಳೂ."

ಅಕ್ಕ ತನ್ನ ಬೆರಳು ನೋಡಿಕೊಂಡಳು. ರೊಟ್ಟಿ ಬಡಿಯುವಾಗ ಅಂಚು ಎಲ್ಲಿ ದಪ್ಪ, ಎಲ್ಲಿ ತೆಳು ಅನ್ನುವುದು ಬೆರಳಿಗೆ ತಿಳಿಯಬೇಕು. ಜೋಮು ಹಿಡಿದ ಬೆರಳಿಗೆ ತಿಳಿಯುವುದಿಲ್ಲ, ರೊಟ್ಟಿ ಹರಿಯುತ್ತದೆ. ಕ್ಯಾನ್ಸರು ವಾಪಸ್ ಬರಬಾರದು, ಬೆರಳೂ ಉಳಿಯಬೇಕು. ಅವಳಿಗಿದ್ದದ್ದು ಇಷ್ಟೇ ವಿಷಯ.

ಡಾಕ್ಟರಮ್ಮ ಅದಕ್ಕೂ ಮುಂಚೆ ಗಂಟಿನ ಮೇಲೆ ಇನ್ನೊಂದು ಪರೀಕ್ಷೆ ಆಗಲಿ ಅಂದಳು. ನನಗೆ ಅರ್ಥವಾದಷ್ಟು ಬರೆಯುತ್ತೇನೆ. ಮೈಯೊಳಗಿನ ಜೀವಕೋಶ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹಾಗೆ ಆಗುವಾಗ ಒಳಗಿನ ನಕಲು ಕೆಲವೊಮ್ಮೆ ತಪ್ಪುತ್ತದೆ. ಆ ತಪ್ಪು ತಿದ್ದುವುದಕ್ಕೆ ಅಂತಲೇ ನಾಲ್ಕು ಪ್ರೋಟೀನುಗಳಿವೆ. ಹೆಚ್ಚಿನ ಜನರ ಗಂಟಿನಲ್ಲಿ ಆ ನಾಲ್ಕೂ ಇರುತ್ತವೆ. ಕೆಲವರ ಗಂಟಿನಲ್ಲಿ ಒಂದೋ ಎರಡೋ ಇರುವುದಿಲ್ಲ. ಇಲ್ಲದಿದ್ದರೆ ಗಂಟಿನ ತುಂಬ ತಪ್ಪುಗಳು ತುಂಬಿಕೊಳ್ಳುತ್ತವೆ. ಅಷ್ಟು ತಪ್ಪಿರುವ ಗಂಟು ಮೈಗೆ ಹೊರಗಿನದ್ದರ ಹಾಗೆ ಕಾಣುತ್ತದೆ, ಮೈಯೇ ಅದರ ಮೇಲೆ ಬೀಳುತ್ತದೆ. ಗ್ರಂಥಿಗೆ ಹರಡದೆ ಇರುವ ಈ ಹಂತದಲ್ಲಿ ಅಂಥ ಗಂಟು ವಾಪಸ್ ಬರುವುದು ಕಡಿಮೆ. ಸಾಮಾನ್ಯವಾಗಿ ಕಿಮೋ ಬೇಕಾಗುವುದಿಲ್ಲ.

"ಅಂದ್ರ ರಿಪೇರಿ ಮಾಡಾವು ಇಲ್ದಿದ್ರನ ಚಲೋ?" ನಾನು ಕೇಳಿದೆ.

"ಇವರಿಗೆ, ಈ ಹಂತದಲ್ಲಿ, ಹೌದು."

"ಇದೇನ್ರಿ ಮೇಡಂ, ಉಲ್ಟಾ ಐತಲ್ಲ," ಅಂದ ಭಾವ.

"ಉಲ್ಟಾನೇ," ಅಂದಳು ಆಕೆ.

ಅಲ್ಲಿಗೆ ಅಕ್ಕನ ಕಿಮೋ ಆ ಪರೀಕ್ಷೆಯ ಮೇಲೆ ನಿಂತಿತು. ಪ್ರೋಟೀನು ಇದ್ದರೆ ಕಿಮೋ ಮಾತು, ಇಲ್ಲದಿದ್ದರೆ ಬೆರಳು ಉಳಿಯಿತು.

ಆ ಪರೀಕ್ಷೆ ಮಾಡುವ ಲ್ಯಾಬು ಬಳ್ಳಾರಿಯಲ್ಲಿತ್ತು. ಗಂಟಿನ ಒಂದು ಚೂರನ್ನು ಮೇಣದಲ್ಲಿ ಕೂರಿಸಿ ಆಸ್ಪತ್ರೆಯವರು ಇಟ್ಟಿರುತ್ತಾರೆ. ಸಣ್ಣ ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಬಿಳಿ ಮೇಣದ ಬಿಲ್ಲೆ, ಮೇಣದೊಳಗೆ ಉಗುರಿನಷ್ಟು ಮಾಂಸ. ಕೊರಿಯರಿಗೆ ಹಾಕುತ್ತೇವೆ ಅಂದರು. ಭಾವನಿಗೆ ಕೊರಿಯರ್ ಮೇಲೆ ನಂಬಿಕೆ ಇಲ್ಲ.

"ನಾಳೆ ಹ್ಯಾಂಗೂ ನಾನು ಬಳ್ಳಾರಿಗೆ ಅಕ್ಕಿ ಲೋಡ್ ಒಯ್ತೀನಿ. ನನ್ನ ಕೈಯಾಗ ಕೊಡ್ರಿ. ಮಧ್ಯಾಹ್ನದಾಗ ಮುಟ್ಟಿಸ್ತೀನಿ."

ಆಸ್ಪತ್ರೆಯ ಹುಡುಗ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟ. ಹುಷಾರು ಅಂದ. ಬಿಸಿಲು ಅನ್ನಲಿಲ್ಲ.

ಮರುದಿನ ನಾನು ಆಟೋ ಬಿಟ್ಟು ಕಂಪ್ಲಿಯಲ್ಲಿ ಭಾವನ ಜೊತೆ ಲಾರಿ ಹತ್ತಿದೆ. ಬಳ್ಳಾರಿಯಲ್ಲಿ ಹಗಲು ಹೊತ್ತು ಊರೊಳಗೆ ಲಾರಿ ಬಿಡುವುದಿಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಲೋಡ್ ಇಳಿಸಿ, ಲಾರಿ ಅಲ್ಲೇ ಬಿಟ್ಟು, ಬೇರೆ ಆಟೋ ಹಿಡಿದು ಲ್ಯಾಬಿಗೆ ಹೋಗಬೇಕು. ಕುರುಗೋಡು ದಾಟುವ ಹೊತ್ತಿಗೇ ಕ್ಯಾಬಿನ್ ಕಾದಿತ್ತು. ಯಾರ್ಡಿಗೆ ಹೋದರೆ ನಮ್ಮ ಮುಂದೆ ಲಾರಿಗಳ ಸಾಲು. ಹಮಾಲರು ಊಟಕ್ಕೆ ಹೋಗಿದ್ದರು. ಭಾವ ಕಿಟಕಿ ಗಾಜು ಏರಿಸಿ ಲಾಕ್ ಮಾಡಿದ, ನಾವು ಬೇವಿನ ಮರದ ಕೆಳಗೆ ಕುಳಿತೆವು. ಚಹಾ ಕುಡಿದೆವು. ಭಾವ ಟವೆಲ್ ಹಾಸಿ ಮಲಗಿದ. ಹಮಾಲರು ಬಂದು, ನಮ್ಮ ಸರದಿ ಬಂದು, ಲೋಡ್ ಇಳಿದಾಗ ಬಿಸಿಲು ಒಂದು ಕಡೆ ವಾಲಿತ್ತು.

"ಕವರ್ ಎಲ್ಲೈತಿ ಭಾವ?"

"ಮುಂದ ಐತಿ ನೋಡು, ಗಾಜಿನ ಕೆಳಗ."

ಡ್ಯಾಶ್‌ಬೋರ್ಡಿನ ಮೇಲೆ, ಮುಂದಿನ ಗಾಜಿಗೆ ತಾಗಿಸಿ ಇಟ್ಟಿದ್ದ. ಮುಟ್ಟಿದೆ, ಬೆರಳು ಸುಟ್ಟಿತು. ಕವರಿನೊಳಗೆ ಬಿಲ್ಲೆ ಇರಲಿಲ್ಲ. ಮೇಣವೆಲ್ಲ ಕರಗಿ ನೀರಾಗಿ ಒಂದು ಮೂಲೆಗೆ ಹರಿದಿತ್ತು. ಪ್ಲಾಸ್ಟಿಕ್ ಚೌಕಟ್ಟು ಖಾಲಿ. ಚೂರು ಕವರಿಗೆ ಅಂಟಿಕೊಂಡಿತ್ತು, ಒಣಗಿದ ಹುಣಸೆಹಣ್ಣಿನ ತುಣುಕಿನ ಹಾಗೆ.

"ಇಲ್ಲಿ ಯಾಕ ಇಟ್ರಿ?"

"ಸ್ಯಾಂಪಲ್ ಅಲ್ಲೇನಲೇ. ಸ್ಯಾಂಪಲ್ ಅಲ್ಲೇ ಇಡಾದು."

ಇದನ್ನು ಕಂಪ್ಲಿಯವರಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ರೈತರು ಭತ್ತ ಮಾರುವ ಮುಂಚೆ ಒಂದು ಚೀಲದಲ್ಲಿ ಎರಡು ಹಿಡಿ ಸ್ಯಾಂಪಲ್ ಹಾಕಿ ಮಿಲ್ಲಿಗೆ ಕಳಿಸುತ್ತಾರೆ. ಮಿಲ್ಲಿನಲ್ಲಿ ಅದನ್ನು ಒಂದು ಮಿಷನ್ನಿಗೆ ಹಾಕಿ ತೇವ ನೋಡುತ್ತಾರೆ. ತೇವ ಜಾಸ್ತಿ ಇದ್ದರೆ ರೇಟು ಇಳಿಯುತ್ತದೆ. ಹೊಲದಿಂದ ಮಿಲ್ಲಿಗೆ ಸ್ಯಾಂಪಲ್ ತರುವವನು ಡ್ರೈವರು. ರೈತರೆಲ್ಲ ಪರಿಚಯದವರು, ಸಂಬಂಧಿಕರು. ಆದ್ದರಿಂದ ಡ್ರೈವರು ಆ ಚೀಲವನ್ನು ಮುಂದಿನ ಗಾಜಿನ ಕೆಳಗೆ ಬಿಸಿಲಿಗೆ ಇಡುತ್ತಾನೆ. ದಾರಿಯಲ್ಲೇ ಒಣಗುತ್ತದೆ, ಮಿಷನ್ನಿನಲ್ಲಿ ತೇವ ಕಡಿಮೆ ತೋರಿಸುತ್ತದೆ. ಮಿಲ್ಲಿನ ಮಾಲೀಕನಿಗೂ ಇದು ಗೊತ್ತು. ಲೋಡ್ ಬಂದ ಮೇಲೆ ಮೂಟೆಗೆ ಕೊಕ್ಕೆ ಹಾಕಿ ಕಾಳು ಹೊರತೆಗೆದು ಇನ್ನೊಮ್ಮೆ ನೋಡುತ್ತಾನೆ. ಆದರೂ ಇವರು ಇಡುವುದು ಬಿಟ್ಟಿಲ್ಲ. ಭಾವ ಹದಿನೈದು ವರ್ಷದಿಂದ ಯಾರು ಯಾವ ಸ್ಯಾಂಪಲ್ ಕೊಟ್ಟರೂ ಅಲ್ಲೇ ಇಡುತ್ತಾನೆ. ಅವನ ಕೈ ಅವನನ್ನು ಕೇಳಿ ಇಟ್ಟಿದ್ದಲ್ಲ.

ಲ್ಯಾಬಿನಲ್ಲಿ ಕವರ್ ತೆಗೆದುಕೊಂಡವನು ಅದನ್ನು ನೋಡಿ ಒಳಗೆ ಹೋದ. ಒಬ್ಬರು ವಯಸ್ಸಾದ ಡಾಕ್ಟರು ಹೊರಗೆ ಬಂದರು. ಕನ್ನಡಕ ಹಣೆಯ ಮೇಲಿತ್ತು.

"ಇದನ್ನ ಎಲ್ಲಿಟ್ಟಿದ್ರಿ, ಒಲೆ ಮೇಲಾ?"

"ಲಾರಿಯಾಗ್ರಿ," ಅಂದ ಭಾವ.

"ಲಾರಿಯಲ್ಲಿ ಎಲ್ಲಿ?"

"ಮುಂದ್ರಿ. ಗಾಜಿನ ಕೆಳಗ."

"ಬಿಸಿಲಿಗೆ."

"ಹೌದ್ರಿ."

"ಯಾಕೆ?"

ಭಾವ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಭತ್ತದ ಕಥೆ ಅವನೇ ಹೇಳಬೇಕಾಯಿತು. ಡಾಕ್ಟರು ಪೂರ್ತಿ ಕೇಳಿದರು, ನಗಲಿಲ್ಲ, ಬೈಯಲೂ ಇಲ್ಲ.

"ಚೂರು ಉಳಿದಿದೆ. ಮತ್ತೆ ಮೇಣ ಹಾಕಿ ಕೂರಿಸ್ತೀವಿ. ಆದ್ರೆ ಒಂದು ತೊಂದರೆ ಇದೆ, ಕೇಳ್ರಿ. ನಾವು ಮಾಡೋದು ಬಣ್ಣದ ಪರೀಕ್ಷೆ. ಪ್ರೋಟೀನ್ ಇದ್ದಲ್ಲಿ ಕಂದು ಬಣ್ಣ ಹತ್ತುತ್ತೆ. ಇಲ್ಲದಿದ್ರೆ ಹತ್ತೋದಿಲ್ಲ. ಹೆಚ್ಚು ಕಾದು ಚೂರು ಕೆಟ್ಟಿದ್ರೂ ಹತ್ತೋದಿಲ್ಲ. ನಾಳೆ ಬಣ್ಣ ಹತ್ತಲಿಲ್ಲ ಅಂತಿಟ್ಕೊಳ್ಳಿ. ಯಾವುದಕ್ಕೆ ಹತ್ತಲಿಲ್ಲ ಅಂತ ನಾನು ನೋಡ್ಬೇಕಾಗುತ್ತೆ."

"ಬ್ಯಾರೆ ಚೂರು ತರ್ಲೇನ್ರಿ?" ನಾನು ಕೇಳಿದೆ.

ಅವರೇ ಹೊಸಪೇಟೆಗೆ ಫೋನ್ ಮಾಡಿದರು. ಉಳಿದ ಚೂರುಗಳಲ್ಲಿ ಹೆಚ್ಚಿನವು ಸತ್ತ ಮಾಂಸ, ಕರುಳು ಕಟ್ಟಿ ಕೊಳೆತದ್ದು, ಇದೇ ಚೆನ್ನಾಗಿರುವುದು ಅಂತ ಅಲ್ಲಿಂದ ಉತ್ತರ ಬಂತು. ಡಾಕ್ಟರು ಮೊದಲು ಇದರಲ್ಲೇ ನೋಡೋಣ ಅಂದು ಒಳಗೆ ಹೋದರು.

ವಾಪಸ್ ಬರುವಾಗ ಭಾವ ರೇಡಿಯೋ ಹಾಕಲಿಲ್ಲ. ಕುರುಗೋಡಿನ ಹತ್ತಿರ ಒಂದು ಮಾತಾಡಿದ.

"ನಿಮ್ಮ ಅಕ್ಕಗ ಹೇಳಬ್ಯಾಡ."

"ಹೇಳ್ತೀನ್ರಿ ಭಾವ."

"ಹೇಳಿ ಏನು ಮಾಡ್ತೀಯಲೇ?"

"ಹೊಟ್ಟಿ ಆಕಿದು."

ಹೇಳಿದೆ. ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕೇಳಿ, ಅಡುಗೆಮನೆ ಕಡೆ ತಿರುಗಿ ಕೂಗಿ ಹೇಳಿದಳು.

"ಏನ್ರಿ, ನನ್ನ ಒಣಗಿಸಾಕ ಇಟ್ಟಿದ್ರಂತಲ್ಲ."

ಒಳಗಿನಿಂದ ಲೋಟ ತೊಳೆಯುವ ಸದ್ದು ಬಂತು, ಅದೂ ಒಂದೇ ಲೋಟ ಬಹಳ ಹೊತ್ತು.

"ಒಣಗಿದ್ದಕ್ಕ ರೇಟ್ ಜಾಸ್ತಿ ಸಿಕ್ಕತೇನು ಕೇಳಲೇ ನಿಮ್ಮ ಭಾವನ್ನ," ಅಂದಳು ನನಗೆ. ನಗುವಾಗ ಹೊಟ್ಟೆಯ ಗಾಯದ ಮೇಲೆ ಕೈ ಇಟ್ಟುಕೊಂಡಿದ್ದಳು.

ರಿಪೋರ್ಟ್ ಬರುವವರೆಗೆ ನಾನು ನನ್ನ ಕೆಲಸ ಮಾಡಿಕೊಂಡಿದ್ದೆ. ಕಾಯುವುದಕ್ಕೆ ಅಂತ ಬೇರೆ ಕೆಲಸ ಏನಿರುತ್ತದೆ. ಒಂದು ದಿನ ಹಂಪಿಗೆ ಬಾಡಿಗೆ ಹೋಗಿ ಬಂದು ಊಟಕ್ಕೆ ಕೂತಾಗ ಅವ್ವ ಒಂದು ಮಾತು ತೆಗೆದಳು. ಅಪ್ಪ ಸಂಡೂರಿನ ಗಣಿಯಲ್ಲಿ ಕೆಲಸಕ್ಕಿದ್ದ, ನಾನು ಚಿಕ್ಕವನಿದ್ದಾಗಲೇ ಸತ್ತ. ನಮಗೆಲ್ಲ ಹೇಳಿದ್ದು ಅಲ್ಸರ್ ಅಂತ.

"ಅವಂದೂ ಹಿಂಗ ಇತ್ತಲೇ," ಅಂದಳು ಅವ್ವ. "ಮೊದ್ಲು ಸುಸ್ತು. ಬೆಳ್ಳಗ ಆಗಿದ್ದ. ಆಮ್ಯಾಲೆ ಹೊಟ್ಟಿ ಉಬ್ಬತಿತ್ತು."

"ಯಾವ ಡಾಕ್ಟ್ರು ಅಲ್ಸರ್ ಅಂದಿದ್ರು?"

"ಯಾವ ಡಾಕ್ಟ್ರೂ ಅಲ್ಲ. ನಾವ ಅಂದ್ಕಂಡಿದ್ವಿ. ಖಾರ ಭಾಳ ತಿಂತಿದ್ದ."

"ಅಪ್ಪನ ಮನಿಯಾಗ ಮತ್ತ ಯಾರಿಗರ ಇತ್ತ?"

"ಅವರಪ್ಪಂದೂ ಹೊಟ್ಟಿ ಬ್ಯಾನಿನ. ಚೋರನೂರಾಗ ತೀರ್ಕಂಡ. ಆತಗ ಯಾರೋ ಮಾಟ ಮಾಡ್ಸಿದ್ರು ಅಂತಿದ್ರು."

ನಾನು ಊಟ ಮುಗಿಸಿ ಎದ್ದೆ. ಆಗ ಅದನ್ನು ಅಕ್ಕನ ರಿಪೋರ್ಟಿಗೆ ಸೇರಿಸಿ ನೋಡುವ ಬುದ್ಧಿ ನನಗಿರಲಿಲ್ಲ.

ರಿಪೋರ್ಟ್ ಬಂತು. ನಾಲ್ಕು ಪ್ರೋಟೀನಿನಲ್ಲಿ ಎರಡಕ್ಕೆ ಬಣ್ಣ ಹತ್ತಿದೆ, ಎರಡಕ್ಕೆ ಹತ್ತಿಲ್ಲ. ಡಾಕ್ಟರಮ್ಮ ಓದಿ, ಎರಡು ಇಲ್ಲ, ಕಿಮೋ ಬೇಡ, ಆಗಾಗ ಬಂದು ತೋರಿಸಿದರೆ ಸಾಕು ಅಂದಳು. ಅಕ್ಕ ಆಕೆಗೆ ಕೈ ಮುಗಿದಳು. ಹೊರಗೆ ಬಂದು ನನ್ನ ಆಟೋದಲ್ಲಿ ಕೂತು, ಕಂಪ್ಲಿಗೆ ಹೋಗುವ ದಾರಿಯಲ್ಲಿ ಜೋಳ, ಹಿಟ್ಟಿನ ಗಿರಣಿ, ಸೌದೆ ಅಂತ ಮಾತಾಡುತ್ತಲೇ ಇದ್ದಳು. ಮನೆಗೆ ಹೋದ ಮೇಲೆ ಭಾವ ಮಾತೆತ್ತಿದ.

"ಕಿಮೋ ಮಾಡಿಸಿಬಿಡಾನು."

"ಬ್ಯಾಡ ಅಂದ್ರಲ್ರಿ ಅವ್ರು," ಅಕ್ಕ ಅಂದಳು.

"ಅವ್ರು ಅಂದಿದ್ದು ಆ ಚೂರು ನೋಡಿ. ಆ ಚೂರು ನನ್ನ ಲಾರಿಯಾಗ ಬೆಂದಿದ್ದು."

"ಎರಡಕ್ಕ ಬಣ್ಣ ಹತ್ತೈತಂತಲ್ಲ."

"ಎರಡು ಗಟ್ಟಿ ಇದ್ದು ಉಳದಾವು. ಎರಡು ಬಿಸಲಿಗೆ ಹೋಗ್ಯಾವು. ಹಂಗಿದ್ರ?"

ಅವನ ಲೆಕ್ಕ ನನಗೆ ಗೊತ್ತಾಯಿತು. ಗಾಜಿನ ಕೆಳಗೆ ಇಟ್ಟ ಭತ್ತ ಮಿಷನ್ನಿನಲ್ಲಿ ಒಣಗಿದ್ದು ಅಂತ ತೋರಿಸುತ್ತದೆ, ಲೋಡಿನಲ್ಲಿರುವ ಭತ್ತ ಹಸಿಯಾಗೇ ಇರುತ್ತದೆ. ಹಾಗೆಯೇ ಈ ಚೂರು ಕೂಡ ಒಳ್ಳೆಯ ರಿಪೋರ್ಟ್ ಕೊಟ್ಟಿದೆ, ಅಕ್ಕನ ಹೊಟ್ಟೆಯಲ್ಲಿ ಬೇರೆಯೇ ಇರಬಹುದು. ಆ ಒಳ್ಳೆಯ ರಿಪೋರ್ಟು ತಾನೇ ಮಾಡಿದ ಮೋಸ ಅಂತ ಅವನಿಗೆ ಅನಿಸಿತ್ತು. ಡಾಕ್ಟರಮ್ಮನಿಗೆ ಬಿಸಿಲಿನ ವಿಷಯ ಗೊತ್ತೇ ಇಲ್ಲವೇನೋ ಅನ್ನುವ ಅನುಮಾನ ಬೇರೆ.

"ನೀವು ಬಿಸಲಿಗೆ ಇಟ್ಟಿದ್ದಕ್ಕ ನಾನು ಸೂಜಿ ಚುಚ್ಚಿಸ್ಕಬೇಕೇನ್ರಿ?" ಅಕ್ಕನ ದನಿ ಏರಿತು. "ಬೆರಳು ಜೋಮು ಹಿಡದ್ರ ರೊಟ್ಟಿ ನೀವು ಬಡೀತೀರೇನು?"

"ಬಡೀತೀನಿ."

"ಬಡೀತಾರಂತ. ಲಾರಿ ಸ್ಟೇರಿಂಗ್ ಮಾಡ್ತೀರಿ ಅದನ್ನ."

"ವಾಪಸ್ ಬಂದ್ರ ಏನು ಮಾಡ್ತಿ?"

"ಬಂದ್ರ ಬರ್ಲಿ."

"ಹಂಗನಬ್ಯಾಡ ನೀನು. ನನಗೇನನ್ನು, ಅದೊಂದು ಅನಬ್ಯಾಡ."

ಭಾವನ ಮುಖದಲ್ಲಿ ಅಳು ಇರಲಿಲ್ಲ, ಆದರೆ ಕುತ್ತಿಗೆಯ ನರ ಉಬ್ಬಿತ್ತು. ಇಬ್ಬರೂ ಒಬ್ಬರಿಗೊಬ್ಬರು ಸೋಲುವವರಲ್ಲ. ಈ ಜಗಳ ಹೀಗೆ ನಡೆದರೆ ಮಳೆಗಾಲ ಬಂದರೂ ಮುಗಿಯುವುದಿಲ್ಲ ಅಂತ ನನಗೆ ಗೊತ್ತಿತ್ತು.

"ಬಳ್ಳಾರಿಗೆ ಹೋಗಿ ಆ ಮುದುಕ ಡಾಕ್ಟ್ರನ್ನ ಕೇಳಾನು ನಡೀರಿ," ಅಂದೆ. "ಚೂರು ಬೆಂದಿದ್ದು ಅವ್ರಿಗೆ ಗೊತ್ತೈತಿ. ಬಣ್ಣ ಹಾಕಿದ್ದೂ ಅವ್ರೇ."

ಸೋಮವಾರ ಮೂವರೂ ಬಸ್ಸಿನಲ್ಲಿ ಹೋದೆವು. ಡಾಕ್ಟರಿಗೆ ನಮ್ಮ ನೆನಪಿತ್ತು. ಭತ್ತದವರು ಬಂದ್ರಾ ಅಂದರು. ಭಾವ ಕೂರಲಿಲ್ಲ. ಕೂರಿ ಅಂದರೂ ನಿಂತುಕೊಂಡೇ ತನ್ನ ಅನುಮಾನ ಹೇಳಿದ. ಗಟ್ಟಿ ಇದ್ದವು ಉಳಿದಿವೆ, ಮೆತ್ತಗಿದ್ದವು ಬಿಸಿಲಿಗೆ ಹೋಗಿವೆ, ನೀವು ಇಲ್ಲ ಅಂತ ಬರೆದದ್ದು ತಪ್ಪಾದರೆ ನನ್ನ ಹೆಂಡತಿಯ ಗತಿ ಏನು ಅಂತ ನೇರವಾಗಿ ಕೇಳಿದ.

"ಒಳ್ಳೆ ಪ್ರಶ್ನೆ," ಅಂದರು ಡಾಕ್ಟರು. "ನಾನೂ ಅದನ್ನೇ ನೋಡಿದ್ದು. ಬನ್ನಿ, ನೀವೇ ನೋಡಿ."

ಒಳಗೆ ಮೈಕ್ರೋಸ್ಕೋಪಿನ ಮುಂದೆ ಭಾವನನ್ನು ಕೂರಿಸಿದರು. ಅವನಿಗೆ ಎರಡು ಕಣ್ಣು ಒಟ್ಟಿಗೆ ಇಟ್ಟು ನೋಡುವುದು ಬರಲಿಲ್ಲ. ಒಂದು ಮುಚ್ಚಿಕೊಂಡು ನೋಡಿದ.

"ಏನ್ ಕಾಣುತ್ತೆ?"

"ನೀಲಿ ಚುಕ್ಕಿ ಅದಾವು. ಗುಂಪು ಗುಂಪು. ಒತ್ತಾಗಿ."

"ಅದು ಗಂಟು. ಕಂದು ಹತ್ತಿಲ್ಲ, ನೀಲಿ ಉಳಿದಿದೆ. ಈಗ ಇದನ್ನ ನಿಧಾನಕ್ಕೆ ಸರಿಸ್ತೀನಿ, ಅಂಚಿಗೆ ಬನ್ನಿ."

ಅವರು ಗಾಜನ್ನು ಒಂದಿಷ್ಟು ಸರಿಸಿದರು.

"ಈಗ?"

"ಈಗ ಕಂದು ಬಂತ್ರಿ. ಕಂದು ಚುಕ್ಕಿ. ಸಾಲಾಗಿ ಅದಾವು."

"ಅದು ಗಂಟಿನ ಪಕ್ಕದ ಒಳ್ಳೆ ಕರುಳು. ನಿಮ್ಮ ಮನೆಯವರದ್ದೇ. ಒಳ್ಳೆ ಕರುಳಲ್ಲಿ ಈ ಪ್ರೋಟೀನು ಯಾವಾಗ್ಲೂ ಇರುತ್ತೆ, ಇರ್ಲೇಬೇಕು. ಯಾವ ಪ್ರೋಟೀನ್ ಗಂಟಲ್ಲಿ ಕಾಣ್ಲಿಲ್ವೋ ಅದೇ ಪ್ರೋಟೀನು ಇದು."

ಭಾವ ಕಣ್ಣು ತೆಗೆಯಲಿಲ್ಲ.

"ಇದೂ ಅದ ಚೂರಿನಾಗ ಐತೇನ್ರಿ?"

"ಅದೇ ಚೂರು. ಅದೇ ಲಾರಿ. ಅದೇ ಬಿಸಿಲು. ನಿಮ್ಮ ಬಿಸಿಲು ತಿಂದಿದ್ರೆ ಇದನ್ನೂ ತಿನ್ನಬೇಕಿತ್ತು. ಇಲ್ಲಿ ಬಣ್ಣ ಹತ್ತಿದೆ, ಒಂದು ಕೂದಲಿನಷ್ಟು ಆಚೆ ಗಂಟಿಗೆ ಹತ್ತಿಲ್ಲ. ಅಂದ್ರೆ ಗಂಟಲ್ಲಿ ಅದು ಮೊದಲಿಂದಲೇ ಇರ್ಲಿಲ್ಲ."

ಭಾವ ತಾನೇ ಗಾಜು ಸರಿಸಬಹುದೇ ಅಂತ ಕೇಳಿದ. ಅವರು ಬಿಟ್ಟರು. ಅವನು ನೀಲಿಯಿಂದ ಕಂದಿಗೆ ಬಂದ, ಕಂದಿನಿಂದ ನೀಲಿಗೆ ಹೋದ, ಮತ್ತೆ ಬಂದ. ಮೂಟೆಗೆ ಕೊಕ್ಕೆ ಹಾಕಿ ನೋಡುವ ಮಾಲೀಕನ ಹಾಗೆ ಬೇರೆ ಬೇರೆ ಕಡೆ ನೋಡಿದ. ಎಲ್ಲಾ ಕಡೆಯೂ ಅಷ್ಟೇ. ಅದೂ ಸಾಲದು ಅಂತ, ಪ್ರೋಟೀನು ಇರುವ ಬೇರೆ ಯಾರದ್ದಾದರೂ ಗಂಟು ತೋರಿಸಿ ಅಂದ. ಡಾಕ್ಟರು ಇನ್ನೊಂದು ಗಾಜು ಹಾಕಿದರು, ಅದು ಯಾರದ್ದು ಅಂತ ಹೇಳಲಿಲ್ಲ. ಅದರಲ್ಲಿ ಗಂಟೂ ಕಂದು, ಪಕ್ಕದ ಕರುಳೂ ಕಂದು.

"ಇವ್ರಿಗೆ ಕಿಮೋ ಕೊಟ್ರೇನ್ರಿ?" ಭಾವ ಕೇಳಿದ.

"ಅದು ನಿಮಗೆ ಬೇಡ," ಅಂದರು ಡಾಕ್ಟರು.

ಅಕ್ಕನೂ ನೋಡಿದಳು. "ನನಗೇನೂ ಕಾಣವಲ್ದು. ನನ್ನ ರೆಪ್ಪಿ ಕಾಣತಾವು," ಅಂದಳು. ನಾನು ನೋಡಿದೆ. ನನಗೆ ಸರಿಯಾಗಿ ಕಂಡಿತು. ಕಂದು ಒಂದು ಕಡೆ, ನೀಲಿ ಒಂದು ಕಡೆ, ನಡುವೆ ಗೆರೆ ಎಳೆದ ಹಾಗೆ. ಇಷ್ಟು ನೋಡುವುದಕ್ಕೆ ಓದು ಬೇಕಾಗಿರಲಿಲ್ಲ, ತೋರಿಸುವವರು ಬೇಕಿತ್ತು.

ಹೊರಗೆ ಬಂದ ಮೇಲೆ ಭಾವ ಅಕ್ಕನಿಗೆ ಅಂದ, "ಬ್ಯಾಡ ಬಿಡು."

"ಏನು ಬ್ಯಾಡ?"

"ಕಿಮೋ."

"ನಾನು ಮೊದ್ಲಿಂದ ಅನಾಕತ್ತೀನಿ. ನೀವು ಅಂದ್ರ ಮಾತು, ನಾನು ಅಂದ್ರ ಗಾಳಿ."

"ನಾನು ನೋಡಿ ಅಂದೆ."

"ನೋಡಿ ಅಂದ್ರಂತ," ಅಂತ ಅಕ್ಕ ಬಸ್ ಸ್ಟ್ಯಾಂಡಿನ ತನಕ ಅದನ್ನೇ ಅನ್ನುತ್ತಾ ಬಂದಳು. ಭಾವ ಅವಳ ಚೀಲವನ್ನೂ ತಾನೇ ಹಿಡಿದುಕೊಂಡಿದ್ದ.

ಕಿಮೋ ಮಾತು ಅಲ್ಲಿಗೆ ಮುಗಿಯಿತು. ರಿಪೋರ್ಟಿನ ಮಾತು ಮುಗಿಯಲಿಲ್ಲ. ಮುಂದಿನ ಸಲ ತೋರಿಸಲು ಹೋದಾಗ ಡಾಕ್ಟರಮ್ಮ, ಇಷ್ಟು ಸಣ್ಣ ವಯಸ್ಸಿನಲ್ಲಿ, ಅದೂ ಈ ಎರಡು ಪ್ರೋಟೀನು ಇಲ್ಲ ಅಂದರೆ ಈ ದೋಷ ಹುಟ್ಟಿನಿಂದ, ಅಪ್ಪನ ಕಡೆಯಿಂದಲೋ ಅವ್ವನ ಕಡೆಯಿಂದಲೋ ಬಂದಿರಬಹುದು ಅಂದಳು. ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ ಕೇಳಿದಳು. ಅಕ್ಕ ಇಲ್ಲ ಅಂದಳು. ಆಗ ನಾನು ಅವ್ವ ಹೇಳಿದ್ದನ್ನು ಹೇಳಿದೆ. ಅಪ್ಪ, ಅಪ್ಪನ ಅಪ್ಪ. ಅಲ್ಸರು, ಮಾಟ. ಡಾಕ್ಟರಮ್ಮ ಬರೆದುಕೊಂಡಳು. ಅಕ್ಕನ ರಕ್ತ ತೆಗೆದು ಕಳಿಸಿದರು. ಹುಟ್ಟಿನಿಂದ ಬಂದದ್ದೇ ಅಂತ ಉತ್ತರ ಬಂತು. ಆಮೇಲೆ ನನ್ನ ರಕ್ತ ತೆಗೆದರು. ನನ್ನಲ್ಲೂ ಅದೇ ದೋಷ ಇದೆ.

ಅದು ಇದೆ ಅಂದ ಮಾತ್ರಕ್ಕೆ ಕ್ಯಾನ್ಸರ್ ಇದೆ ಅಂತಲ್ಲ, ಬರಬಹುದು, ಬರುವ ಮುಂಚೆ ನೋಡುತ್ತಿರಬೇಕು ಅಂದಳು ಡಾಕ್ಟರಮ್ಮ. ನೋಡುವುದು ಅಂದರೆ ಹಿಂದಿನಿಂದ ಕ್ಯಾಮೆರಾ ಪೈಪು ಹಾಕಿ ಕರುಳು ಪೂರ್ತಿ ನೋಡುವುದು. ನಾನು ಆಮೇಲೆ ನೋಡೋಣ ಅಂದೆ. ಸ್ಟ್ಯಾಂಡಿನಲ್ಲಿ ಆಟೋದವರಿಗೆ ಗೊತ್ತಾದರೆ ಸಾಯುವ ತನಕ ಆಡಿಕೊಳ್ಳುತ್ತಾರೆ.

"ನಾನು ಹೊಟ್ಟಿ ಕೊಯ್ಸಿಕೊಂಡೀನಿ," ಅಂದಳು ಅಕ್ಕ. "ಇವಗ ಪೈಪಿಗೆ ನಾಚಿಕಿ. ಮದುವಿ ಗಂಡು ನೋಡು."

"ನೋವಿಲ್ಲಲೇ," ಅಂದ ಭಾವ.

"ನಿಮಗ್ಯಾರು ಹಾಕಿದ್ರು?"

"ನನಗ್ಯಾಕ ಹಾಕ್ತಾರ. ನಾನು ಬ್ಯಾರೆ ಮನಿತನದಾವ."

ಕೊನೆಗೆ ಒಪ್ಪಿದೆ. ಪರೀಕ್ಷೆಯ ಹಿಂದಿನ ದಿನ ಕರುಳು ತೊಳೆಯುವ ಉಪ್ಪುಪ್ಪು ನೀರು ಕುಡಿಸಲು ಅಕ್ಕ ಚಿತ್ತವಾಡ್ಗಿಗೆ ಬಂದಳು. ಒಂದೊಂದು ಲೋಟ ಮುಗಿಯುವ ತನಕ ಎದುರಿಗೇ ಕೂತಿದ್ದಳು. ನಾನು ಬಚ್ಚಲಿಗೆ ಹೋಗಿ ಬಂದಾಗಲೆಲ್ಲ ಅವ್ವನಿಗೆ ಹೇಳಿ ನಗುತ್ತಿದ್ದಳು. ಪರೀಕ್ಷೆಯಲ್ಲಿ ನೋವು ಆಗಲಿಲ್ಲ, ಮಲಗಿಸಿ ಹಾಕಿದರು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು ಒಂದು ಗುಳ್ಳೆ ಇತ್ತು, ಅಲ್ಲೇ ಕತ್ತರಿಸಿ ತೆಗೆದರು. ಕೆಟ್ಟದ್ದೇನೂ ಅಲ್ಲ, ಬಿಟ್ಟಿದ್ದರೆ ಆಗುತ್ತಿತ್ತೋ ಏನೋ ಅಂದರು.

ಅಕ್ಕ ಈಗ ರೊಟ್ಟಿ ಬಡಿಯುತ್ತಾಳೆ, ಮೊದಲಿನಷ್ಟು ಅಲ್ಲ, ಬೆಳಿಗ್ಗೆ ಮಾತ್ರ. ಅವಳಿಗೂ ವರ್ಷಕ್ಕೊಮ್ಮೆ ಪೈಪು ಹಾಕಬೇಕು, ನನಗೂ ಹಾಕಬೇಕು. ಇಬ್ಬರಿಗೂ ಒಂದೇ ದಿನ ಕೊಡಿ ಅಂತ ಕೇಳಿದ್ದೇವೆ. ಅವತ್ತು ಇಬ್ಬರಿಗೂ ನಿದ್ದೆ ಬರುವ ಮದ್ದು ಕೊಡುವುದರಿಂದ ಮನೆಗೆ ಕರೆದುಕೊಂಡು ಬರಲು ಒಬ್ಬರು ಬೇಕು. ಭಾವ ರಜೆ ಹಾಕುತ್ತೇನೆ ಅಂದಿದ್ದಾನೆ. ಆಟೋ ಓಡಿಸುವುದನ್ನು ಅವನಿಗೆ ಈಗ ಕಲಿಸುತ್ತಿದ್ದೇನೆ. ಲಾರಿಯವನಲ್ಲವೇ, ತಿರುವಿನಲ್ಲಿ ಬಹಳ ಅಗಲ ತೆಗೆದುಕೊಳ್ಳುತ್ತಾನೆ.